ಮಳೆಗಾಲದ ವಿಮಾನ, ಚಳಿಗಾಲದ ವಿಮಾನ

ಟಾಟಾ ಕಂಪನಿಯ ಅಂಚೆ ವಿಮಾನ 1932ರ ಸೆಪ್ಟೆಂಬರ್ 15ರಂದೇ ಹಾರಬೇಕಿತ್ತು. ಮಳೆ ಬಿಡಲಿಲ್ಲ. ಒಂದು ತಿಂಗಳು ಕಾದು, ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ‘ಪುಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆ ಚೀಲ ಹೇರಿಕೊಂಡು ಹೊರಟರು. ಅಹಮದಾಬಾದಿನಲ್ಲಿ ಇಳಿದಾಗ ಇಂಧನದ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಅಲ್ಲಿಂದ ಮುಂಬಯಿಯ ಜುಹು. ಮುಂದೆ ಏರ್ ಇಂಡಿಯಾ ಆದ ಸಂಸ್ಥೆಯ ಮೊದಲ ವೇಳಾಪಟ್ಟಿಯನ್ನೇ ಮುಂಗಾರು ತಿದ್ದಿತ್ತು.

ಮುಂಬಯಿಯಿಂದಾಚೆಗೆ ಮದ್ರಾಸಿನ ತನಕ ಅಂಚೆ ಒಯ್ದವರು ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ಅವರ ದಾರಿ ಬಳ್ಳಾರಿಯ ಮೇಲೆ ಹಾದುಹೋಗುತ್ತಿತ್ತು. ಆಗಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಹೀಗೆ ದೇಶದ ನಾಗರಿಕ ವಿಮಾನಯಾನದ ಮೊದಲ ನಿಲ್ದಾಣಗಳ ಸಾಲಿಗೆ ಸೇರಿತು. ಕರ್ನಾಟಕದ ಚರಿತ್ರೆಯಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಜಾಗ ಇನ್ನೂ ಸಿಕ್ಕಿಲ್ಲ.

ಕಂಪನಿಯ ಬಳಿ ಇದ್ದದ್ದು ಎರಡು ವಿಮಾನ, ಬೆರಳೆಣಿಕೆಯ ಮೆಕ್ಯಾನಿಕ್‌ಗಳು, ಜುಹುವಿನಲ್ಲೊಂದು ತೆಂಗಿನ ಗರಿಯ ಶೆಡ್ಡು. ಜುಹು ಕಡಲಂಚಿನ ತಗ್ಗು ನೆಲ. ಜೂನ್ ಬಂದರೆ ಮೈದಾನವಿಡೀ ನೀರು. ಹಾಗೆಂದು ಸೇವೆ ನಿಲ್ಲಲಿಲ್ಲ. ಮಳೆಗಾಲ ಶುರುವಾದೊಡನೆ ವಿಮಾನ, ಮೆಕ್ಯಾನಿಕ್, ಸಲಕರಣೆ ಎಲ್ಲವೂ ಪುಣೆಗೆ ಹೊರಡುತ್ತಿದ್ದವು. ಯರವಡಾ ಜೈಲಿನ ಮಗ್ಗುಲಲ್ಲಿದ್ದ ಒಂದು ಬಯಲೇ ಅಲ್ಲಿ ವಿಮಾನ ನಿಲ್ದಾಣ. ಮಳೆ ಕಳೆದ ಮೇಲೆ ಮತ್ತೆ ಜುಹು. ಋತುವಿಗೆ ತಕ್ಕಂತೆ ವೇಳಾಪಟ್ಟಿಯನ್ನೂ ವಿಮಾನಗಳನ್ನೂ ಹೊಂದಿಸುವ ಕೆಲಸಕ್ಕೆ ಇಂದು ದೊಡ್ಡ ಕಂಪನಿಗಳಲ್ಲಿ ಇಡೀ ವಿಭಾಗಗಳಿವೆ. ಆ ಕೆಲಸದ ಮೂಲ ರೂಪ ಈ ಪುಣೆ ಪಯಣದಲ್ಲಿದೆ.

ರೇಡಿಯೊ ಇಲ್ಲ, ದಾರಿ ತೋರುವ ಉಪಕರಣಗಳಿಲ್ಲ, ಪಶ್ಚಿಮ ಘಟ್ಟದ ಮೇಲೆ ಕವಿದ ಮೋಡ. ಇಷ್ಟಿದ್ದೂ ಮೊದಲ ವರ್ಷ ಅಂಚೆ ಒಂದು ದಿನವೂ ತಡವಾಗಲಿಲ್ಲ. ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಯೇ ತನ್ನ 1933-34ರ ವರದಿಯಲ್ಲಿ, ಮಳೆಗಾಲದ ಕಷ್ಟದ ತಿಂಗಳುಗಳಲ್ಲೂ ಉಳಿದುಬಂದ ಈ ಸಮಯಪಾಲನೆಯನ್ನು ಮೆಚ್ಚಿ ಬರೆಯಿತು. ಇಲ್ಲಿ ಪೈಲಟ್‌ಗಳ ಧೈರ್ಯದಷ್ಟೇ ದೊಡ್ಡದು ಯೋಜನೆಯ ಪ್ರಾಮಾಣಿಕತೆ: ಇರುವ ವಿಮಾನ ಎಷ್ಟು, ಇರುವ ಜನ ಎಷ್ಟು, ಋತು ಯಾವುದು ಎಂದು ನೋಡಿಕೊಂಡೇ ಅವರು ಮಾತು ಕೊಟ್ಟಿದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಸೇನೆ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಅವನ್ನು ಪ್ರಯಾಣಿಕರಿಗೆ ತಕ್ಕಂತೆ ರಿಪೇರಿ ಮಾಡಿ ಕೊಡುವ ಕೆಲಸದ ಬಹುಪಾಲು ನಡೆದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ. ವಿಮಾನಗಳು ಹೆಚ್ಚಾದವು, ಕಂಪನಿಗಳು ಹೆಚ್ಚಾದವು, ಪ್ರಯಾಣಿಕರು ಅಷ್ಟು ಬೇಗ ಹೆಚ್ಚಲಿಲ್ಲ. 1953ರಲ್ಲಿ ಸರ್ಕಾರ ಎಲ್ಲವನ್ನೂ ರಾಷ್ಟ್ರೀಕರಿಸಿ, ದೇಶದೊಳಗಿನ ಹಾರಾಟವನ್ನು ಇಂಡಿಯನ್ ಏರ್‌ಲೈನ್ಸಿಗೆ ಒಪ್ಪಿಸಿತು.

ಅಷ್ಟು ಹೊತ್ತಿಗೆ ಜಗತ್ತಿನ ಮಟ್ಟದಲ್ಲೂ ಒಂದು ಕ್ರಮ ಮೂಡುತ್ತಿತ್ತು. 1945ರ ಏಪ್ರಿಲ್‌ನಲ್ಲಿ ಹವಾನಾದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಅಯಾಟಾ, 1947ರಿಂದ ಕಂಪನಿಗಳನ್ನು ಒಂದೆಡೆ ಕೂರಿಸಿ ವೇಳಾಪಟ್ಟಿ ಹೊಂದಿಸುವ ಸಭೆಗಳನ್ನು ನಡೆಸುತ್ತ ಬಂದಿದೆ. ಇಂದು ವಿಮಾನಯಾನದ ವರ್ಷದಲ್ಲಿ ಎರಡೇ ಋತು. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಬೇಸಿಗೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಚಳಿಗಾಲ. ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಹಿಂದಕ್ಕೂ ತಿರುಗಿಸುವ ದಿನಗಳೂ ಅವೇ. ಗಡಿಯಾರ ತಿರುಗಿಸದ ಭಾರತದಲ್ಲೂ, ಹುಬ್ಬಳ್ಳಿ–ಬೆಂಗಳೂರು ವಿಮಾನದ ಹೊತ್ತು ಬದಲಾಗುವುದು ಆ ದಿನಗಳಂದೇ. ನಮ್ಮ ಮುಂಗಾರಿಗೆ ಈ ಪಟ್ಟಿಯಲ್ಲಿ ಸ್ವಂತ ಹೆಸರಿಲ್ಲ. ಅದು ‘ಬೇಸಿಗೆ’ಯೊಳಗೇ ಬಂದುಹೋಗುತ್ತದೆ.

ಹೆಸರಿಲ್ಲದಿದ್ದರೂ ಅದರ ಪ್ರಭಾವವೇನೂ ಕಮ್ಮಿಯಾಗಿಲ್ಲ. ಭಾರತದಲ್ಲಿ ಮೇ ತಿಂಗಳ ಶಾಲಾ ರಜೆಗೆ ವಿಮಾನಗಳು ತುಂಬುತ್ತವೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸೀಟುಗಳು ಖಾಲಿ ಉಳಿಯುತ್ತವೆ. ದಸರಾ, ದೀಪಾವಳಿಯಿಂದ ಹೊಸ ವರ್ಷದ ತನಕ ಮತ್ತೆ ನೂಕುನುಗ್ಗಲು. ವಿಮಾನವನ್ನು ಹಲವು ವಾರ ಹ್ಯಾಂಗರಿನಲ್ಲಿ ನಿಲ್ಲಿಸಿ ಬಿಚ್ಚಿ ನೋಡುವ ದೊಡ್ಡ ತಪಾಸಣೆಗಳನ್ನು ಆದಷ್ಟು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಈ ಕಾರಣಕ್ಕೇ. ಯುರೋಪಿನಲ್ಲಿ ಇದು ತಿರುಗುಮುರುಗು. ಅಲ್ಲಿ ಜುಲೈ, ಆಗಸ್ಟ್ ಸುಗ್ಗಿ; ಚಳಿಗಾಲ ಬಂದರೆ ಹಲವು ವಿಮಾನಗಳಿಗೆ ಕೆಲಸವಿಲ್ಲ.

ಈ ತಿರುಗುಮುರುಗಿನಿಂದಲೇ ಒಂದು ವ್ಯಾಪಾರ ಬೆಳೆಯಿತು. ಒಂದು ದೇಶದಲ್ಲಿ ಕೆಲಸವಿಲ್ಲದೆ ನಿಂತ ವಿಮಾನವನ್ನು ಪೈಲಟ್ ಸಮೇತ ಇನ್ನೊಂದು ದೇಶಕ್ಕೆ ಬಾಡಿಗೆಗೆ ಕೊಡುವುದು, ಅಂದರೆ ‘ವೆಟ್ ಲೀಸ್’. ಬ್ರಿಟನ್ನಿನ ಪ್ರವಾಸಿ ವಿಮಾನಗಳು ಚಳಿಗಾಲದಲ್ಲಿ ಕೆನಡಾಕ್ಕೆ ಹೋಗಿ, ಅಲ್ಲಿನ ಜನರನ್ನು ಬೆಚ್ಚನೆಯ ಕೆರಿಬಿಯನ್ ದ್ವೀಪಗಳಿಗೆ ಒಯ್ದಿವೆ. ಟರ್ಕಿಯ ಕೊರೆಂಡನ್ ಕಂಪನಿಯ ವಿಮಾನಗಳು ಸ್ಪೈಸ್‌ಜೆಟ್ ಪರವಾಗಿ ಭಾರತದಲ್ಲಿ ಹಾರಿವೆ. 1980ರ ದಶಕದಿಂದ ಗೋವೆಗೆ ಬರತೊಡಗಿದ ಯುರೋಪಿನ ಚಾರ್ಟರ್ ವಿಮಾನಗಳೂ ಅಕ್ಟೋಬರಿನಿಂದ ಏಪ್ರಿಲ್ ತನಕದ ಅತಿಥಿಗಳೇ.

ಯಾವ ಋತುವಿಗೂ ಸಿಗದ ಪ್ರಯಾಣವೂ ಒಂದಿದೆ. ಹಜ್ ಯಾತ್ರೆ ಚಂದ್ರನ ಪಂಚಾಂಗಕ್ಕೆ ಸೇರಿದ್ದು. ಪ್ರತಿ ವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ. 1995ರಲ್ಲಿ ಮುಂಬಯಿಯಿಂದ ಹಡಗಿನ ಯಾತ್ರೆ ನಿಂತ ಮೇಲೆ ಪೂರ್ತಿ ಹೊಣೆ ವಿಮಾನಗಳ ಮೇಲೆ ಬಿತ್ತು. ಬೆಂಗಳೂರು, ಮಂಗಳೂರುಗಳಿಂದಲೂ ಯಾತ್ರಿಗಳು ನೇರ ಹೊರಡತೊಡಗಿದರು. ಕೆಲವೇ ವಾರಗಳ ಈ ಭಾರಕ್ಕೆ ಹೊಸ ವಿಮಾನ ಕೊಂಡರೆ ಉಳಿದ ತಿಂಗಳು ಅದಕ್ಕೆ ಕೆಲಸವಿರದು. ಆದ್ದರಿಂದ ಇಲ್ಲೂ ಬಾಡಿಗೆ ವಿಮಾನಗಳು ನೆರವಿಗೆ ಬಂದವು.

ಟಿಕೆಟ್ ದರ ಸರ್ಕಾರದ ಹತೋಟಿಯಲ್ಲಿದ್ದಾಗ ಋತು ಬದಲಾದದ್ದು ವೇಳಾಪಟ್ಟಿಯಲ್ಲಷ್ಟೇ ಕಾಣುತ್ತಿತ್ತು. 1953ರ ರಾಷ್ಟ್ರೀಕರಣದ ಏರ್ ಕಾರ್ಪೊರೇಷನ್ಸ್ ಕಾಯ್ದೆ 1994ರಲ್ಲಿ ರದ್ದಾಗಿ, ಖಾಸಗಿ ಕಂಪನಿಗಳಿಗೆ ದಾರಿ ತೆರೆಯಿತು. 2003ರಲ್ಲಿ ಜಿ. ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರುಮಾಡಿತು. ಸೀಟು ತುಂಬಿದಂತೆಲ್ಲ ಏರುವ ದರ ಜನರಿಗೆ ಪರಿಚಯವಾದದ್ದು ಆ ದಿನಗಳಲ್ಲೇ. ಈಗ ದೀಪಾವಳಿ ಹತ್ತಿರ ಬಂತೆಂಬುದು ಟಿಕೆಟ್ಟಿನ ಬೆಲೆಯಲ್ಲೇ ಗೊತ್ತಾಗುತ್ತದೆ.

ಬೆಲೆ ಏರಿಸುವುದು ಸುಲಭ, ಪೈಲಟ್‌ಗಳನ್ನು ಹೊಂದಿಸುವುದು ಅಷ್ಟು ಸುಲಭವಲ್ಲ. 2025ರ ಚಳಿಗಾಲದಲ್ಲಿ ದೇಶ ಇದನ್ನು ಕಣ್ಣಾರೆ ಕಂಡಿತು. ಪೈಲಟ್‌ಗಳಿಗೆ ಹೆಚ್ಚಿನ ವಿಶ್ರಾಂತಿ ಕೊಡಬೇಕೆಂಬ ನಿಯಮಗಳ ಎರಡನೇ ಹಂತ ನವೆಂಬರ್ 1ರಂದು ಜಾರಿಗೆ ಬಂತು. ಆ ನಿಯಮ ಬರುವುದು ಮೊದಲೇ ಗೊತ್ತಿತ್ತು. ಆದರೂ ದೇಶದ ಅತಿದೊಡ್ಡ ಕಂಪನಿ ಇಂಡಿಗೋ ಚಳಿಗಾಲಕ್ಕೆ ಹಾರಾಟಗಳನ್ನು ಹೆಚ್ಚಿಸಿಕೊಂಡಿತ್ತು, ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಪ್ಪಿಗೆಯನ್ನೂ ಕೊಟ್ಟಿತ್ತು. ಡಿಸೆಂಬರ್ ಮೊದಲ ವಾರಕ್ಕೆ ಲೆಕ್ಕ ತಪ್ಪಿತು. ಸಾವಿರಾರು ಹಾರಾಟಗಳು ರದ್ದಾಗಿ ಬೆಂಗಳೂರು, ದೆಹಲಿ, ಮುಂಬಯಿ, ಹೈದರಾಬಾದ್ ನಿಲ್ದಾಣಗಳಲ್ಲಿ ಜನ ಚೀಲಗಳ ಮೇಲೆ ತಲೆಯಿಟ್ಟು ರಾತ್ರಿ ಕಳೆದರು. ಕಂಪನಿಯ ಹಾರಾಟಗಳಲ್ಲಿ ಶೇ. 10ರಷ್ಟು ಕಡಿತ ಮಾಡಲು ಸರ್ಕಾರ ಆಮೇಲೆ ಆದೇಶಿಸಿತು.

ಆ ಲೆಕ್ಕವನ್ನು ಅಕ್ಟೋಬರ್‌ನಲ್ಲೇ ಕೇಳಬೇಕಿತ್ತು. ಮುಂದಿನ ಋತುವಿನ ಪಟ್ಟಿಗೆ ಒಪ್ಪಿಗೆ ಕೊಡುವಾಗ, ಪ್ರತಿ ಕಂಪನಿಯ ಹಾರಾಟಗಳ ಸಂಖ್ಯೆಯ ಪಕ್ಕದಲ್ಲೇ ಅದರ ಹಾರುವ ಸ್ಥಿತಿಯಲ್ಲಿರುವ ವಿಮಾನಗಳ, ಕೆಲಸದಲ್ಲಿರುವ ಪೈಲಟ್‌ಗಳ ಸಂಖ್ಯೆಯನ್ನೂ ಡಿಜಿಸಿಎ ಪ್ರಕಟಿಸಲಿ.