ಟಾರ್ಟರ್, ಜಿಲ್

1944–. ಅಮೆರಿಕದ ರೇಡಿಯೊ ಖಗೋಳವಿಜ್ಞಾನಿ. ಭೂಮಿಯಾಚೆ ಬುದ್ಧಿವಂತ ಜೀವಿಗಳಿವೆಯೇ ಎಂದು ಹುಡುಕುವ 'ಸೆಟಿ' ಸಂಶೋಧನೆಯನ್ನು ಶಿಸ್ತಿನ ಪ್ರಯೋಗವಿಜ್ಞಾನವಾಗಿ ಬೆಳೆಸಿದವರಲ್ಲಿ ಮುಖ್ಯರು. ಇವರು ಈ ಕ್ಷೇತ್ರಕ್ಕೆ ಬಂದದ್ದು ಎಂಜಿನಿಯರಿಂಗ್‌ನ ದಾರಿಯಿಂದ. ಇವರ ಕೆಲಸಕ್ಕೆಲ್ಲ ಆ ತರಬೇತಿಯ ಗುರುತಿದೆ.

ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಈಸ್ಟ್‌ಚೆಸ್ಟರ್‌ನಲ್ಲಿ. ಎಂಜಿನಿಯರ್ ಆಗುವೆನೆಂದು ಚಿಕ್ಕಂದಿನಲ್ಲೇ ತಂದೆಗೆ ಹೇಳಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದಾಗ ಮುನ್ನೂರರಷ್ಟಿದ್ದ ತರಗತಿಯಲ್ಲಿ ಇವರೊಬ್ಬರೇ ಹುಡುಗಿ. ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ರಾತ್ರಿ ಬೀಗ ಬೀಳುತ್ತಿತ್ತು. ಹುಡುಗರು ಗುಂಪುಗೂಡಿ ಬಿಡಿಸುತ್ತಿದ್ದ ಲೆಕ್ಕಗಳನ್ನು ಇವರು ಒಬ್ಬರೇ ಕೂತು ಬಿಡಿಸಬೇಕಾಯಿತು. ಇದರಿಂದ ವಿಷಯ ಗಟ್ಟಿಯಾಯಿತೆಂಬುದು ನಿಜ, ಆದರೆ ಜೊತೆಗೂಡಿ ಕಲಿಯುವ ಅವಕಾಶ ತಪ್ಪಿದ್ದು ಅನ್ಯಾಯವೇ. 1965ರಲ್ಲಿ ಪದವಿ ಪಡೆದು ಮುಂದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಖಗೋಳವಿಜ್ಞಾನಕ್ಕೆ ಹೊರಳಿದರು. ನಕ್ಷತ್ರವಾಗಿ ಉರಿಯುವಷ್ಟು ದ್ರವ್ಯರಾಶಿಯಿಲ್ಲದ ಕಾಯಗಳನ್ನು ಭಾರತ ಮೂಲದ ಶಿವ್ ಕುಮಾರ್ 1960ರ ದಶಕದ ಆರಂಭದಲ್ಲೇ ಊಹಿಸಿದ್ದರು. ಅವುಗಳಿಗೆ 'ಕಂದು ಕುಬ್ಜ' ಎಂಬ ಹೆಸರನ್ನು 1975ರಲ್ಲಿ ಕೊಟ್ಟವರು ಟಾರ್ಟರ್.

ಸೆಟಿಗೆ ಇವರನ್ನು ಎಳೆದು ತಂದದ್ದು ಒಂದು ಹಳೆಯ ಕಂಪ್ಯೂಟರ್. ಫ್ರಾಂಕ್ ಡ್ರೇಕ್ 1960ರಲ್ಲಿ ಗ್ರೀನ್ ಬ್ಯಾಂಕ್‌ನ ದೂರದರ್ಶಕವನ್ನು ಎರಡು ನಕ್ಷತ್ರಗಳತ್ತ ತಿರುಗಿಸಿ ಮೊದಲ ಆಧುನಿಕ ಶೋಧ ನಡೆಸಿದ್ದರು. ಆಮೇಲೆ ಬರ್ಕ್ಲಿಯ ಸ್ಟುವರ್ಟ್ ಬೋಯರ್ 'ಸೆರೆಂಡಿಪ್' ಯೋಜನೆ ಆರಂಭಿಸಿದರು. ಬೇರೆಯವರ ವೀಕ್ಷಣೆ ನಡೆದಿರುವಾಗಲೇ ಅದೇ ದೂರದರ್ಶಕಕ್ಕೆ ಬರುವ ಸಂಕೇತಗಳಲ್ಲಿ ಹುಡುಕಾಟ ನಡೆಸುವುದು ಅದರ ಉಪಾಯ. ಹಣವಿರಲಿಲ್ಲ, ಯಾರೋ ದಾನ ಕೊಟ್ಟ ಪಿಡಿಪಿ-8/ಎಸ್ ಯಂತ್ರವಿತ್ತು. ವಿದ್ಯಾರ್ಥಿನಿಯಾಗಿದ್ದಾಗ ಟಾರ್ಟರ್ ಆ ಯಂತ್ರಕ್ಕೆ ಪ್ರೋಗ್ರಾಮ್ ಬರೆದಿದ್ದರೆಂದು ತಿಳಿದ ಬೋಯರ್, ನಾಸಾದ 'ಸೈಕ್ಲಾಪ್ಸ್' ವರದಿಯನ್ನು ಇವರ ಕೈಗಿಟ್ಟರು. ಜಾನ್ ಬಿಲ್ಲಿಂಗಮ್ ಮತ್ತು ಬರ್ನಾರ್ಡ್ ಆಲಿವರ್ 1971ರಲ್ಲಿ ನಡೆಸಿದ ಅಧ್ಯಯನದ ಫಲ ಅದು. ಅನ್ಯಲೋಕದ ಸಂಕೇತವನ್ನು ಹಿಡಿಯಲು ಎಂಥ ಆಂಟೆನಾ ಬೇಕು, ಯಾವ ಕಂಪನಾಂಕದಲ್ಲಿ ಕೇಳಬೇಕು ಎಂಬುದನ್ನು ಎಂಜಿನಿಯರುಗಳ ಭಾಷೆಯಲ್ಲಿ ಲೆಕ್ಕಹಾಕಿತ್ತು. ಜನ ಸಾವಿರಾರು ವರ್ಷ ಪುರೋಹಿತರನ್ನೂ ತತ್ತ್ವಜ್ಞಾನಿಗಳನ್ನೂ ಕೇಳಿಕೊಂಡು ಬಂದ ಪ್ರಶ್ನೆಗೆ ಪ್ರಯೋಗದಿಂದ ಉತ್ತರ ಹುಡುಕಬಲ್ಲ ಮೊದಲ ತಲೆಮಾರು ತನ್ನದು ಎಂಬ ಅರಿವು ಇವರನ್ನು ಅಲ್ಲೇ ನಿಲ್ಲಿಸಿತು.

ಮುಂದಿನ ಇತಿಹಾಸದಲ್ಲಿ ವಿಜ್ಞಾನದಷ್ಟೇ ಹಣದ ಪಾಡೂ ಇದೆ. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1978ರಲ್ಲಿ ನಾಸಾದ ಯೋಜನೆಯನ್ನು ಸಾರ್ವಜನಿಕ ಹಣದ ಪೋಲೆಂದು ಗೇಲಿ ಮಾಡಿದರು. ಮುಂದೆ ಅನುದಾನವೂ ನಿಂತಿತು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಪ್ರಾಕ್ಸ್‌ಮೈರ್ ಅವರ ಮನವೊಲಿಸಿದ ಮೇಲೆ ಅದು ಮರಳಿತು. ಸೆಟಿ ಇನ್‌ಸ್ಟಿಟ್ಯೂಟ್ 1984ರಲ್ಲಿ ಸ್ಥಾಪನೆಯಾದಾಗ ಥಾಮಸ್ ಪಿಯರ್ಸನ್ ಜೊತೆ ಟಾರ್ಟರ್ ಮುಂದಿದ್ದರು. ನಾಸಾದ ವ್ಯವಸ್ಥಿತ ಶೋಧ 1992ರ ಅಕ್ಟೋಬರ್ 12ರಂದು ಅರೆಸಿಬೊ ಮತ್ತು ಗೋಲ್ಡ್‌ಸ್ಟೋನ್ ದೂರದರ್ಶಕಗಳಲ್ಲಿ ಆರಂಭವಾಗಿ, ಒಂದು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕತ್ತರಿಗೆ ಸಿಕ್ಕಿತು. ಎರಡು ದಶಕಗಳ ಸಿದ್ಧತೆ ಹೀಗೆ ಮುರಿದುಬಿದ್ದಾಗ ಟಾರ್ಟರ್ ತಂಡ ಖಾಸಗಿ ದಾನಿಗಳ ಬಾಗಿಲು ತಟ್ಟಿತು. ಕಂಪ್ಯೂಟರ್ ಉದ್ಯಮಿಗಳಾದ ಹ್ಯೂಲೆಟ್, ಪ್ಯಾಕಾರ್ಡ್, ಗಾರ್ಡನ್ ಮೂರ್, ಪಾಲ್ ಆಲನ್ ನೆರವಾದರು. 'ಫೀನಿಕ್ಸ್' ಎಂಬ ಹೊಸ ಹೆಸರಿನಲ್ಲಿ 1995ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್‌ನಿಂದ ಕೆಲಸ ಮತ್ತೆ ಶುರುವಾಯಿತು. 2004ರ ವೇಳೆಗೆ ಸುಮಾರು 200 ಜ್ಯೋತಿರ್ವರ್ಷಗಳೊಳಗಿನ 800ರಷ್ಟು ನಕ್ಷತ್ರಗಳನ್ನು ಪರಿಶೀಲಿಸಲಾಗಿತ್ತು.

ಈ ತಂಡ ಹುಡುಕಿದ್ದು ಬಹಳ ಕಿರಿದಾದ ಕಂಪನಾಂಕ ಪಟ್ಟಿಯ ಸಂಕೇತಗಳನ್ನು. ಪ್ರಕೃತಿಯ ರೇಡಿಯೊ ಮೂಲಗಳು ನೂರಾರು ಹರ್ಟ್ಸ್‌ಗಿಂತ ಕಿರಿದಾಗಿ ಹೊಮ್ಮುವುದಿಲ್ಲ; ಒಂದು ಹರ್ಟ್ಸ್‌ನಷ್ಟು ಕಿರಿದಾದ ಸಂಕೇತ ಸಿಕ್ಕಿದರೆ ಹಿಂದೆ ಯಂತ್ರವಿದೆ ಎಂದರ್ಥ. ಆದರೆ ಆ ಯಂತ್ರ ನಮ್ಮದೇ ಆಗಿರಬಹುದು. ಅದಕ್ಕೇ ದೂರದ ಇನ್ನೊಂದು ದೂರದರ್ಶಕದಿಂದಲೂ ಅದೇ ಹೊತ್ತಿಗೆ ಸಂಕೇತವನ್ನು ಪರೀಕ್ಷಿಸುವ ಪದ್ಧತಿ ಬಂತು. 1997ರ ಜೂನ್‌ನಲ್ಲಿ ಗ್ರೀನ್ ಬ್ಯಾಂಕ್‌ನಲ್ಲಿ ನಂಬುವಂಥ ಸಂಕೇತವೊಂದು ಸಿಕ್ಕಿತು. ಜೋಡಿ ದೂರದರ್ಶಕ ಆಗ ಕೆಲಸ ಮಾಡುತ್ತಿರಲಿಲ್ಲ. ಗಂಟೆಗಟ್ಟಲೆ ತಾಳೆ ನೋಡಿದ ಮೇಲೆ ಗೊತ್ತಾದದ್ದು, ಅದು ಸೂರ್ಯನನ್ನು ಅಧ್ಯಯನ ಮಾಡುತ್ತಿದ್ದ ಸೋಹೊ ನೌಕೆಯ ಪ್ರಸಾರವೆಂದು. ಹಂಬಲ ಎಷ್ಟೇ ಇದ್ದರೂ ಪುರಾವೆ ಗಟ್ಟಿಯಾಗುವವರೆಗೆ ಘೋಷಿಸದ ಈ ಸಂಯಮ ಟಾರ್ಟರ್ ಕಟ್ಟಿದ ಪರಂಪರೆಯ ದೊಡ್ಡ ಬಲ.

ಸೇಗನ್ 1985ರಲ್ಲಿ ಬರೆದ 'ಕಾಂಟ್ಯಾಕ್ಟ್' ಕಾದಂಬರಿಯ ಎಲ್ಲಿ ಆರೊವೇ ಪಾತ್ರಕ್ಕೆ ಟಾರ್ಟರ್ ಭಾಗಶಃ ಪ್ರೇರಣೆ. 1997ರ ಚಲನಚಿತ್ರದಲ್ಲಿ ಆ ಪಾತ್ರವನ್ನು ಜೋಡಿ ಫಾಸ್ಟರ್ ಮಾಡಿದರು. ಕಥೆಯ ನಾಯಕಿಗೆ ಸಂಕೇತ ಸಿಗುತ್ತದೆ. ಟಾರ್ಟರ್‌ಗೆ ಸಿಗಲಿಲ್ಲ, ಅದರಿಂದ ವಿಶ್ವ ಬರಿದೆಂದು ಅವರು ತೀರ್ಮಾನಿಸಲೂ ಇಲ್ಲ. ಈವರೆಗಿನ ಶೋಧವೆಲ್ಲ ಸಮುದ್ರದಿಂದ ಒಂದು ಲೋಟ ನೀರು ಮೊಗೆದು ಮೀನಿಗಾಗಿ ನೋಡಿದಂತೆ ಎಂಬುದು ಅವರು ಕೊಟ್ಟ ಲೆಕ್ಕ.

ಬೇರೆ ಖಗೋಳವಿಜ್ಞಾನಿಗಳ ಸಮಯಕ್ಕೆ ಕಾಯದೆ ಸದಾ ಹುಡುಕಲು ಸಾಧ್ಯವಾಗುವಂಥ ದೂರದರ್ಶಕ ಬೇಕೆಂಬ ಇವರ ಬಹುಕಾಲದ ಆಸೆ ಕ್ಯಾಲಿಫೋರ್ನಿಯದ ಹ್ಯಾಟ್ ಕ್ರೀಕ್‌ನಲ್ಲಿ ಈಡೇರಿತು. ಪಾಲ್ ಆಲನ್ ಹಣದಿಂದ 2007ರಲ್ಲಿ 42 ಆಂಟೆನಾಗಳ ಆಲನ್ ದೂರದರ್ಶಕ ಸಮೂಹ ಕೆಲಸ ಆರಂಭಿಸಿತು, ಯೋಜಿಸಿದ್ದು 350. ಹಣವಿಲ್ಲದೆ 2011ರಲ್ಲಿ ಅದು ತಿಂಗಳುಗಟ್ಟಲೆ ಮುಚ್ಚಿತ್ತು. ಸಾಮಾನ್ಯ ಜನರು ಎರಡು ಲಕ್ಷ ಡಾಲರ್‌ಗೂ ಹೆಚ್ಚು ದೇಣಿಗೆ ಕೊಟ್ಟು ಮತ್ತೆ ತೆರೆಸಿದರು. ಮರುವರ್ಷ ಟಾರ್ಟರ್ ಸಂಶೋಧನಾ ಹೊಣೆಯಿಂದ ನಿವೃತ್ತರಾಗಿ, ಸಂಸ್ಥೆಗೆ ಹಣ ಕೂಡಿಸುವ ಕೆಲಸಕ್ಕೆ ಇಳಿದರು.