ನಲ್ಲಿ ನೀರಿಗೆ ಕಾದಿದ್ದ ಒಗೆಯುವ ಯಂತ್ರ

ಮಳೆಗಾಲದ ನಾಲ್ಕು ತಿಂಗಳು ಮಂಗಳೂರಿನ ಬಂದರಿನಲ್ಲಿ ಬಟ್ಟೆ ಒಗೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವಲ್ಲಿನ ಈ ಹಳೆ ಬಂದರಿನ ಇಕ್ಕಟ್ಟಾದ ಓಣಿಗಳಲ್ಲಿ ಗೋದಾಮು, ಅಂಗಡಿಗಳೇ ಹೆಚ್ಚು. ಹಗ್ಗ ಕಟ್ಟಲು ಅಂಗಳವೆಲ್ಲಿ? ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಹಿಂದಿನವರು ಬಚ್ಚಲೊಲೆಯ ಬಳಿ ಬಟ್ಟೆ ಹರವುತ್ತಿದ್ದರು. ಆಟಿ ತಿಂಗಳಲ್ಲಿ ಮಕ್ಕಳ ಶಾಲೆಯ ಅಂಗಿಗೆ ಹೊಗೆಯ ವಾಸನೆ ಇದ್ದದ್ದೇ.

ಬಟ್ಟೆ ಒಗೆಯುವ ಯಂತ್ರದ ಇತಿಹಾಸದಲ್ಲೂ ಹೆಚ್ಚು ಕಾಡಿದ್ದು ಕೊಳೆಯಲ್ಲ, ನೀರು. ಅಮೆರಿಕದ ಜೇಮ್ಸ್ ಕಿಂಗ್ ಡ್ರಮ್ ಇರುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಷ್ಟು ಹಿಂದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದಕ್ಕೆ ವಿದ್ಯುತ್ ಮೋಟಾರು ಸೇರಿತು. 1910ರಲ್ಲಿ ಪೇಟೆಂಟ್ ಪಡೆದ ಆಲ್ವಾ ಫಿಶರ್‌ನನ್ನು ವಿದ್ಯುತ್ ಯಂತ್ರದ ಜನಕನೆಂದು ಹಲವು ಪುಸ್ತಕಗಳು ಕರೆಯುತ್ತವೆ. ಆದರೆ ಅದಕ್ಕೆ ಮೊದಲೇ ಅಂಥ ಯಂತ್ರಗಳ ಜಾಹೀರಾತು ಪತ್ರಿಕೆಗಳಲ್ಲಿ ಬಂದಿತ್ತು.

ಮೋಟಾರು ಬಂದರೂ ಮನೆಯಾಕೆಗೆ ಬಿಡುವು ಸಿಗಲಿಲ್ಲ. ಯಂತ್ರ ಬಟ್ಟೆಯನ್ನು ಕುಲುಕುತ್ತಿತ್ತು, ಅಷ್ಟೆ. ಬಿಸಿನೀರು ಹೊಯ್ಯಬೇಕು, ಕೊಳೆನೀರು ಹೊರಬಿಡಬೇಕು, ಜಾಲಾಡಬೇಕು. ಕೊನೆಗೆ ಒಂದೊಂದೇ ಬಟ್ಟೆಯನ್ನು ಕಬ್ಬಿನ ಗಾಣದಂಥ ಎರಡು ಉರುಳೆಗಳ ನಡುವೆ ತೂರಿಸಿ ಹಿಂಡಬೇಕು. ಬಟ್ಟೆಯ ಜೊತೆಗೆ ಬೆರಳೂ ಒಳಗೆ ಹೋಗುವುದಿತ್ತು.

ಈ ಕೆಲಸಗಳನ್ನೆಲ್ಲ ತಾನೇ ಮಾಡುವ ಮನೆಬಳಕೆಯ ಯಂತ್ರವನ್ನು ಅಮೆರಿಕದ ಬೆಂಡಿಕ್ಸ್ ಕಂಪೆನಿ 1937ರಲ್ಲಿ ಹೊರತಂದಿತು. ಮುಂಭಾಗದಲ್ಲಿ ಗಾಜಿನ ಬಾಗಿಲು, ಒಳಗೆ ಮಲಗಿಸಿದ ಡ್ರಮ್. ಅದರ ಹೊಸತನವಿದ್ದದ್ದು ಗಡಿಯಾರದಂತೆ ತಿರುಗುವ ಟೈಮರಿನಲ್ಲಿ. ಯಾವಾಗ ನೀರಿನ ಕವಾಟ ತೆರೆಯಬೇಕು, ಯಾವಾಗ ನೀರು ಹೊರಬಿಡಬೇಕು, ಯಾವಾಗ ಡ್ರಮ್ಮನ್ನು ವೇಗವಾಗಿ ತಿರುಗಿಸಿ ನೀರು ಹಿಂಡಬೇಕು ಎಂದು ನಿರ್ಧರಿಸುತ್ತಿದ್ದುದು ಅದೇ. ಹಿಂಡುವಾಗ ಯಂತ್ರ ಎಷ್ಟು ಅದುರುತ್ತಿತ್ತೆಂದರೆ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಮಹಾಯುದ್ಧದ ಕಾಲದಲ್ಲಿ ನಿಂತಿದ್ದ ತಯಾರಿಕೆ ಮತ್ತೆ ಚುರುಕಾಗಿ, 1947ರ ಹೊತ್ತಿಗೆ ಮೇಲಿನಿಂದ ಬಟ್ಟೆ ತುಂಬುವ ಮಾದರಿಗಳೂ ಬಂದವು.

ಬೋಲ್ಟ್ ಹಾಕಲು ನೆಲ ಎಲ್ಲಿಯೂ ಸಿಕ್ಕೀತು. ಆದರೆ ಟೈಮರ್ ಕವಾಟ ತೆರೆದ ಕ್ಷಣ ನೀರು ನುಗ್ಗಿ ಬರಬೇಕಲ್ಲ? ಕರಾವಳಿಯ ಮನೆಗಳಲ್ಲಿ ಬಾವಿಯಿತ್ತು, ರಾಟೆಯಿತ್ತು, ಕೊಡಪಾನವಿತ್ತು. ನೀರಿಗೆ ಬರವಿರಲಿಲ್ಲ; ನೀರು ತಾನಾಗಿ ಬರುತ್ತಿರಲಿಲ್ಲ. ಅಳಿವೆಯ ಹತ್ತಿರದ ಬಾವಿಗಳದ್ದು ಇನ್ನೊಂದು ತಕರಾರು. ಬೇಸಿಗೆಯಲ್ಲಿ ನೀರು ಉಪ್ಪಾದರೆ ಸಾಬೂನು ನೊರೆ ಬಿಡದು. ಇಂಥ ನೀರಿಗೂ ಒಗ್ಗುವ ಡಿಟರ್ಜೆಂಟ್ ಪುಡಿ, ‘ಸರ್ಫ್’ ಹೆಸರಿನಲ್ಲಿ ಭಾರತಕ್ಕೆ ಬಂದದ್ದು 1959ರಲ್ಲಿ. ಹಾಗಾಗಿ ಯಂತ್ರಕ್ಕಿಂತ ಬಹಳ ಮೊದಲೇ ಪುಡಿ ಮನೆ ಸೇರಿತು.

ಭಾರತದ ಮಧ್ಯಮ ವರ್ಗ ಯಂತ್ರ ಕೊಳ್ಳತೊಡಗಿದ್ದು 1980ರ ದಶಕದ ಕೊನೆಗೆ. ಮೊದಲು ಜನಪ್ರಿಯವಾದದ್ದು ಎರಡು ತೊಟ್ಟಿಗಳ ಸೆಮಿ ಅಟೋಮ್ಯಾಟಿಕ್, ಅಂದರೆ ಅಮೆರಿಕದವರು ಹಿಂದೆ ಬಿಟ್ಟು ಬಂದಿದ್ದ ಅರ್ಧ ದಾರಿ. ಇದು ಹಿಂದುಳಿದ ಆಯ್ಕೆಯೇನಲ್ಲ. ಬಾವಿನೀರನ್ನು ಬಕೆಟಿನಲ್ಲಿ ತಂದು ಹೊಯ್ಯಬಹುದು. ಎರಡನೆಯ ತೊಟ್ಟಿಯಲ್ಲಿ ತಿರುಗಿ ಬಂದ ಬಟ್ಟೆ ಎಂಥ ಮಳೆಯಲ್ಲೂ ಫ್ಯಾನಿನ ಕೆಳಗೆ ಒಣಗುತ್ತದೆ. ಕರಾವಳಿಗೆ ಬೇಕಿದ್ದದ್ದೂ ಅದೇ. 1990ರ ಸುಮಾರಿಗೆ ಜರ್ಮನಿಯ ಬಾಷ್ ಸಹಯೋಗದಲ್ಲಿ ಐ.ಎಫ್.ಬಿ. ಕಂಪೆನಿ ನೆರೆಯ ಗೋವಾದಲ್ಲಿ ಪೂರ್ಣ ಅಟೋಮ್ಯಾಟಿಕ್ ಯಂತ್ರದ ತಯಾರಿಕೆಗೆ ಇಳಿಯಿತು. ಮಾಳಿಗೆಯ ಮೇಲೆ ಟ್ಯಾಂಕಿ ಇರುವ ಫ್ಲಾಟುಗಳು ಎದ್ದಂತೆಲ್ಲ ಅದಕ್ಕೂ ಜಾಗ ದೊರೆಯಿತು.

ಯಂತ್ರ ಯಾರ ಕೆಲಸವನ್ನು ಕಿತ್ತುಕೊಂಡಿತು? ಮಡಿವಾಳರದೆಂದು ಹೇಳುವುದು ರೂಢಿ. ಆದರೆ ದಿನದ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದವರು ಬಹುಪಾಲು ಮನೆಯ ಹೆಂಗಸರೇ. ಯಂತ್ರ ಇಳಿಸಿದ್ದು ಅವರ ತೋಳಿನ ಭಾರವನ್ನು. ತುಳುನಾಡಿನ ಭೂತಕೋಲದಲ್ಲಿ ಮಡಿ ಬಟ್ಟೆ ಹಾಸಲು, ದೀಟಿಗೆ ಹಿಡಿಯಲು ಇಂದಿಗೂ ಮಡಿವಾಳರೇ ಬೇಕು. ಕೊಳೆ ಹೋಗುವುದು ಬೇರೆ, ಮಡಿಯಾಗುವುದು ಬೇರೆ.

2016ರ ಮತ್ತು 2019ರ ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಳ ಹಿಡಿದು, ಮಂಗಳೂರಿಗೆ ಸರದಿಯಂತೆ ನೀರು ಬಿಡಬೇಕಾಯಿತು. ನಲ್ಲಿ ಒಣಗಿದರೆ ಪೂರ್ಣ ಅಟೋಮ್ಯಾಟಿಕ್ ಯಂತ್ರ ದೀಪ ಮಿನುಗಿಸುತ್ತಾ ನಿಂತುಬಿಡುತ್ತದೆ. ಸೆಮಿ ಅಟೋಮ್ಯಾಟಿಕ್ಕಿಗಾದರೆ ಎರಡು ಕೊಡ ನೀರು ಸೇದಿ ಹೊಯ್ದರಾಯಿತು.