ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕೊಳ್ಳುವವರಿಗೆ: ಬಡಾವಣೆಯ ಆಯ್ಕೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ, ನಿವೃತ್ತಿಯ ವರ್ಷ ಸಮೀಪಿಸಿದಂತೆ, ಊರ ಕಡೆ ಒಂದು ಮನೆ ಮಾಡಿಕೊಳ್ಳುವ ಮಾತು ಬರುವುದು ಸಹಜ. ಉತ್ತರ ಕರ್ನಾಟಕ ಮೂಲದವರಾದರೆ ಆ ಮಾತು ಬಹುಮಟ್ಟಿಗೆ ಹುಬ್ಬಳ್ಳಿ-ಧಾರವಾಡಕ್ಕೇ ಬಂದು ನಿಲ್ಲುತ್ತದೆ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಈ ಅವಳಿ ನಗರಕ್ಕೂ ಇಲ್ಲಿನ ಕನ್ನಡಿಗರಿಗೂ ಇರುವ ನಂಟು ಹಳೆಯದು. 2024ರ ಸೆಪ್ಟೆಂಬರಿನಲ್ಲಿ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲು ಆರಂಭವಾದ ಮೇಲೆ ಪ್ರಯಾಣವೂ ಸುಲಭವಾಗಿದೆ.

ಆದರೆ ಬಹಳ ಮಂದಿ ಬಡಾವಣೆಯನ್ನು ಆರಿಸುವುದು ನೆನಪಿನ ಬಲದಿಂದ. ಕಾಲೇಜಿನ ದಿನಗಳಲ್ಲಿ ಕಂಡ ಮಾಳಮಡ್ಡಿ, ಸೋದರಮಾವನ ಮನೆಯಿದ್ದ ವಿದ್ಯಾನಗರ, ಇವೇ ಮನಸ್ಸಿನಲ್ಲಿರುತ್ತವೆ. ಗೃಹಸಾಲದ ಕಡತಗಳನ್ನು ಬಹುಕಾಲ ನೋಡಿದ ನನಗೆ ತೋರುವುದೆಂದರೆ, ಮನೆಯ ದೋಷವನ್ನು ಹಣ ಕೊಟ್ಟು ಸರಿಪಡಿಸಬಹುದು. ಓಣಿಯ ದೋಷವನ್ನು ಒಬ್ಬ ಮನೆಯೊಡೆಯ ಸರಿಪಡಿಸಲಾರ. ನೀರು, ನೆಲ, ಬಡಾವಣೆಯ ಕಾಗದಪತ್ರ, ಈ ಮೂರನ್ನು ಬೆಲೆಗಿಂತ ಮೊದಲು ವಿಚಾರಿಸಬೇಕಾದದ್ದು ಆ ಕಾರಣಕ್ಕೆ.

ಮೊದಲು ನೀರಿನ ವಿಚಾರ. ಅವಳಿ ನಗರಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿ ಬಳಿ ಮಲಪ್ರಭಾ ನದಿಗೆ ಕಟ್ಟಿದ ರೇಣುಕಾಸಾಗರ ಜಲಾಶಯದಿಂದ. ಹುಬ್ಬಳ್ಳಿಯ ಕೆಲವು ಭಾಗಗಳಿಗೆ ನೀರಸಾಗರ ಕೆರೆಯ ನೀರೂ ಉಂಟು. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಕೆರೆ ಬತ್ತಿದ್ದುಂಟು. ಮುಂಬಯಿಯಲ್ಲಿ ದಿನಕ್ಕೆ ಎರಡು ತಾಸಾದರೂ ನೀರು ಬರುವುದನ್ನು ಕಂಡವರಿಗೆ, ನಲ್ಲಿಯಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುವ ಊರಿನ ಸಂಸಾರ ಹೇಗಿರುತ್ತದೆಂಬ ಕಲ್ಪನೆ ಇರುವುದಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ದಿನದ 24 ತಾಸು ನೀರು ಕೊಡುವ ವ್ಯವಸ್ಥೆ ಆರಂಭವಾಯಿತು. ಅದನ್ನು ಉಳಿದ ವಾರ್ಡುಗಳಿಗೆ ವಿಸ್ತರಿಸುವ ಕೆಲಸ ಹಂತ ಹಂತವಾಗಿ ಸಾಗಿ ಬಂದಿದೆ. ಹೀಗಾಗಿ ರಸ್ತೆಯ ಈಚೆ ಬದಿಯವರು ನಲ್ಲಿ ತಿರುಗಿಸಿದಾಗಲೆಲ್ಲ ನೀರು ಪಡೆದರೆ, ಆಚೆ ಬದಿಯವರು ವಾರದ ಲೆಕ್ಕ ಹಾಕಿ ನೆಲತೊಟ್ಟಿ ತುಂಬಿಸಿಕೊಳ್ಳುವ ಸ್ಥಿತಿ ವರ್ಷಗಟ್ಟಲೆ ಇತ್ತು.

ಆದ್ದರಿಂದ "ಈ ಏರಿಯಾದಲ್ಲಿ ನೀರಿಗೇನೂ ತೊಂದರೆಯಿಲ್ಲ" ಎಂಬ ಏಜೆಂಟರ ಮಾತನ್ನು ಬದಿಗಿಟ್ಟು, ಅದೇ ಓಣಿಯ ಎರಡು ಮನೆಗಳ ಹೆಣ್ಣುಮಕ್ಕಳನ್ನು ಕೇಳುವುದು ಲೇಸು. ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಹಗಲಿಗೋ ನಡುರಾತ್ರಿಗೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ ಎಂಬುದನ್ನು ಅವರಷ್ಟು ನಿಖರವಾಗಿ ಯಾರೂ ಹೇಳಲಾರರು. ಅಪಾರ್ಟ್‌ಮೆಂಟಾದರೆ ಬೋರ್‌ವೆಲ್ಲಿನ ಆಳ, ಅದರ ನೀರು ಕುಡಿಯಲು ಯೋಗ್ಯವೇ ಎಂಬುದನ್ನೂ, ಕಳೆದ ಬೇಸಿಗೆಯ ಟ್ಯಾಂಕರ್ ಬಿಲ್ಲುಗಳನ್ನೂ ಕೇಳಿ ನೋಡಬೇಕು. ಸೊಸೈಟಿಯ ಜಮಾಖರ್ಚು ಓದಿ ಬಲ್ಲ ಮುಂಬಯಿಯವರಿಗೆ ಇದು ಹೊಸತಲ್ಲ.

ಎರಡನೆಯದು ನೆಲ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ, ಮಸಾರಿ ಭೂಮಿ ಹಿಂದೆ ಸರಿದು ಎರೆಭೂಮಿ ತೊಡಗುತ್ತದೆ. ಎರೆಮಣ್ಣು ಹತ್ತಿಗೆ, ಜೋಳಕ್ಕೆ ಭಾಗ್ಯ. ಮನೆಯ ತಳಪಾಯಕ್ಕೆ ಶತ್ರು. ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೊಗುವಷ್ಟು ಬಿರುಕು ಬಿಡುತ್ತದೆ. ಇದರ ಮೇಲೆ ಆಳವಿಲ್ಲದ ಬುನಾದಿ ಹಾಕಿದರೆ ಕೆಲವೇ ವರ್ಷಗಳಲ್ಲಿ ಗೋಡೆ ಓರೆಯಾಗಿ ಸೀಳುತ್ತದೆ, ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಎರೆಪದರವನ್ನು ದಾಟಿ ಗಟ್ಟಿ ನೆಲದವರೆಗೆ ಅಗೆಯುವುದು, ಕಂಬದ ತಳಪಾಯ, ಸುತ್ತ ನೀರು ನಿಲ್ಲದ ಹಾಗೆ ಚರಂಡಿ ಮುಂತಾದ ಪರಿಹಾರಗಳಿವೆ, ಆದರೆ ಅವುಗಳ ಖರ್ಚನ್ನು ಪ್ಲಾಟಿನ ಬೆಲೆಗೆ ಸೇರಿಸಿಯೇ ಹೋಲಿಸಬೇಕು. ಅಗ್ಗವೆಂದು ಕೊಂಡ ಪ್ಲಾಟು ಬುನಾದಿಯಲ್ಲಿ ಆ ಅಗ್ಗವನ್ನು ಮರಳಿ ಕೇಳುತ್ತದೆ. ಪರೀಕ್ಷೆ ಕಷ್ಟವೇನಲ್ಲ: ಅದೇ ಓಣಿಯ ಹತ್ತು ವರ್ಷ ಹಳೆಯ ಮನೆಗಳ ಕಂಪೌಂಡು ಗೋಡೆಗಳನ್ನು ಒಮ್ಮೆ ನೋಡಿದರೆ ನೆಲದ ಸ್ವಭಾವ ತಿಳಿಯುತ್ತದೆ.

ನಾಲೆಗಳ ವಿಷಯವೂ ಇಲ್ಲಿಗೇ ಸೇರಿದ್ದು. ಉಣಕಲ್ ಕೆರೆಯಿಂದ ಹೊರಟ ನಾಲೆ ಹುಬ್ಬಳ್ಳಿಯ ಜನವಸತಿಯ ನಡುವೆ ಹರಿಯುತ್ತದೆ. ಜೋರು ಮಳೆಗೆ ಅದರ ದಡದ ಮನೆಗಳಿಗೆ ನೀರು ನುಗ್ಗುವುದುಂಟು. ಬೇಸಿಗೆಯಲ್ಲಿ ನೋಡಹೋದವರಿಗೆ ಅದು ಬರಿಯ ಚರಂಡಿಯಂತೆ ಕಾಣುತ್ತದೆ.

ಇನ್ನು ಕಾಗದಪತ್ರ. ಅತಿ ಹೆಚ್ಚು ಹಣ ಮುಳುಗುವುದು ಇಲ್ಲಿಯೇ. ನಗರದ ಅಂಚಿನಲ್ಲಿ 'ಗುಂಟಾ ಪ್ಲಾಟ್' ಎಂಬ ಹೆಸರಿನಲ್ಲಿ ಕೃಷಿಭೂಮಿಯನ್ನು ತುಂಡು ಮಾಡಿ ಮಾರುವ ರೂಢಿ ಬಹಳ ದಿನಗಳದ್ದು. ಒಂದು ಗುಂಟೆಯೆಂದರೆ 1,089 ಚದರ ಅಡಿ. ಬೆಲೆ ಅಧಿಕೃತ ಬಡಾವಣೆಗಿಂತ ತೀರ ಕಡಿಮೆ. ಆದರೆ ಬಿನಶೇತಕಿ ಆದೇಶವಿಲ್ಲ, ಅನುಮೋದಿತ ನಕ್ಷೆಯಿಲ್ಲ. ಎಷ್ಟೋ ಕಡೆ ಒಂದೇ ಉತಾರದಲ್ಲಿ ಹಲವರ ಹೆಸರು ಜಂಟಿಯಾಗಿರುತ್ತದೆ, ಯಾರ ತುಂಡು ಯಾವುದೆಂಬುದಕ್ಕೆ ಸುಣ್ಣದ ಗೆರೆಯೇ ಆಧಾರ. 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಇದನ್ನೇ ಮುಂದಿಟ್ಟು "ಈಗ ಎಲ್ಲವೂ ಕಾಯ್ದೆಬದ್ಧ" ಎನ್ನುವವರಿದ್ದಾರೆ. ಕೊಳ್ಳುವುದಕ್ಕೆ ಅನುಮತಿಯಿದೆ ಎಂದರೆ ಮನೆ ಕಟ್ಟುವುದಕ್ಕೆ ಅನುಮತಿಯಿದೆ ಎಂದಲ್ಲ. ಅದಕ್ಕೆ ಭೂಪರಿವರ್ತನೆಯೂ ಬಡಾವಣೆಯ ಮಂಜೂರಾತಿಯೂ ಬೇಕೇ ಬೇಕು. ಇವಿಲ್ಲದ ಕಡೆ ರಸ್ತೆ, ಒಳಚರಂಡಿ, ಬೀದಿದೀಪಗಳಿಗೆ ಪಾಲಿಕೆಯನ್ನು ಕೇಳುವ ಹಕ್ಕೂ ದುರ್ಬಲ.

ಅಧಿಕೃತ ಬಡಾವಣೆಯಾದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ 'ಹುಡಾ', ಮಂಜೂರು ಮಾಡಿದ ನಕ್ಷೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಸ್ಥಳದಲ್ಲಿ ನಡೆದು ನೋಡಬೇಕು. ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗ ಉದ್ಯಾನವಾಗಿಯೇ ಇದೆಯೇ? ನಿವೇಶನಗಳನ್ನು ಪ್ರಾಧಿಕಾರ ಬಿಡುಗಡೆ ಮಾಡಿದೆಯೇ? ರಸ್ತೆ, ಚರಂಡಿ ಕೆಲಸ ಮುಗಿದಂತೆ ಹಂತ ಹಂತವಾಗಿ ನಿವೇಶನ ಬಿಡುಗಡೆಯಾಗುವ ಕ್ರಮವಿರುವುದರಿಂದ, ಬಿಡುಗಡೆಯಾಗದ ಪ್ಲಾಟನ್ನು ಕೊಂಡರೆ ಬಹುಕಾಲ ಕಾಯಬೇಕಾದೀತು. ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ 2024ರಿಂದ ಇ-ಖಾತಾ ಕಡ್ಡಾಯವಾಗಿದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು. 1962ರಿಂದ ಒಂದೇ ಪಾಲಿಕೆಯ ಕೆಳಗಿದ್ದ ಊರಾದ್ದರಿಂದ, ನಿಮ್ಮ ಬಡಾವಣೆಯ ಖಾತೆ, ತೆರಿಗೆ ಯಾವ ಕಚೇರಿಗೆ ಸೇರುತ್ತದೆಂಬುದನ್ನು ಕೇಳಿಕೊಳ್ಳಿ.

ಸಾಲದ ಅಗತ್ಯವಿಲ್ಲದಿದ್ದರೂ ಒಂದು ರಾಷ್ಟ್ರೀಕೃತ ಬ್ಯಾಂಕಿನ ಸ್ಥಳೀಯ ಶಾಖೆಗೆ ಹೋಗಿ "ಈ ಬಡಾವಣೆಗೆ ಗೃಹಸಾಲ ಕೊಡುತ್ತೀರಾ?" ಎಂದು ಕೇಳುವುದು ಉತ್ತಮ. ಎರಡು ಮೂರು ಬ್ಯಾಂಕುಗಳು ನಿರಾಕರಿಸಿದ ಜಾಗದಲ್ಲಿ ಭವಿಷ್ಯನಿಧಿಯ ಹಣ ಹಾಕುವುದು ವಿವೇಕವಲ್ಲ. ನಾಳೆ ಮಾರಬೇಕಾಗಿ ಬಂದಾಗ ಕೊಳ್ಳುವವನಿಗೂ ಸಾಲ ಸಿಗದು. ಸಾಲ ಪಡೆಯುವವರು ನೆನಪಿಡಬೇಕಾದ ಲೆಕ್ಕವೊಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಸಾಲ ಆಸ್ತಿಮೌಲ್ಯದ ಶೇ. 90ನ್ನು, 30ರಿಂದ 75 ಲಕ್ಷದವರೆಗೆ ಶೇ. 80ನ್ನು, ಅದಕ್ಕೆ ಮೇಲ್ಪಟ್ಟು ಶೇ. 75ನ್ನು ಮೀರುವಂತಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೇರಿತು, ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರಗಳೂ ಸೇರಿ ಸುಮಾರು ಶೇ. 7.6 ಆಗುತ್ತದೆ. ಇದು ಸಾಮಾನ್ಯವಾಗಿ ಕೈಯಿಂದಲೇ ಹೋಗಬೇಕಾದ ಹಣ.

ಬಡಾವಣೆಗಳ ಬಗ್ಗೆ ಸ್ಥೂಲವಾಗಿ ಎರಡು ಮಾತು. ಧಾರವಾಡದ ಮಾಳಮಡ್ಡಿ ರೈಲು ನಿಲ್ದಾಣಕ್ಕೆ ಹತ್ತಿರ, ಹಳೆಯ ನೆರೆಹೊರೆ. ಆದರೆ ಅಲ್ಲಿ ಸಿಗುವುದು ಬಹುತೇಕ ಹಳೆಯ ಮನೆಗಳು, ಅಣ್ಣತಮ್ಮಂದಿರ ಪಾಲುಪಟ್ಟಿ ಮುಗಿದಿದೆಯೇ ಎಂದು ನೋಡಲೇಬೇಕು. ಸಪ್ತಾಪುರ ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ, ವಿದ್ಯಾರ್ಥಿ ವಸತಿಗಳ ಪ್ರದೇಶ. ಬಾಡಿಗೆಯ ವರಮಾನ ಬಯಸುವವರಿಗೆ ಒಳ್ಳೆಯದು, ನೆಮ್ಮದಿ ಬಯಸುವವರಿಗೆ ಅಷ್ಟಾಗಿ ಅಲ್ಲ. ಹುಬ್ಬಳ್ಳಿಯ ವಿದ್ಯಾನಗರಕ್ಕೆ ಕಿಮ್ಸ್ ಆಸ್ಪತ್ರೆಯ ಸಾಮೀಪ್ಯವಿದೆ, ವಾಹನಗಳ ಗದ್ದಲವೂ ಇದೆ. ಗೋಕುಲ ರಸ್ತೆಯ ಕಡೆ ವಿಮಾನ ನಿಲ್ದಾಣ ಹತ್ತಿರ. ಎರಡು ನಗರಗಳ ನಡುವಿನ ನವನಗರ, ಸತ್ತೂರಿನ ಕಡೆ, 2018ರಿಂದ ಓಡುತ್ತಿರುವ 'ಚಿಗರಿ' ಬಸ್ಸುಗಳ 22 ಕಿಲೋಮೀಟರ್ ಮಾರ್ಗದ ಅನುಕೂಲವಿದೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆಯೂ ಇದೆ. ಕಾರು ಬಿಡುವ ಶಕ್ತಿ ಎಪ್ಪತ್ತೈದಕ್ಕೆ ಇರಲಿಕ್ಕಿಲ್ಲವಾದ್ದರಿಂದ, ಬಸ್ ನಿಲ್ದಾಣಕ್ಕೂ ಔಷಧಿ ಅಂಗಡಿಗೂ ನಡೆದು ಹೋಗುವಷ್ಟು ದೂರ ಎಂಬುದನ್ನೇ ನಾನು ದೊಡ್ಡ ಗುಣವೆಂದು ಎಣಿಸುತ್ತೇನೆ. ಮಕ್ಕಳು ಪುಣೆಯಲ್ಲೋ ಪರದೇಶದಲ್ಲೋ ಇರುವಾಗ ರಾತ್ರಿಯ ಆಪತ್ತಿಗೆ ಒದಗುವವರು ಪಕ್ಕದ ಮನೆಯವರು. ಅರ್ಧಕ್ಕರ್ಧ ಪ್ಲಾಟುಗಳು ಖಾಲಿ ಬಿದ್ದ ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯೇ ಇರುವುದಿಲ್ಲ.

ಹೊಸ ಅಪಾರ್ಟ್‌ಮೆಂಟ್ ನೋಡುವವರು 2019ರ ಮಾರ್ಚ್ 19ನ್ನು ಮರೆಯಬಾರದು. ಅಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮಂಜೂರಾದ ನಕ್ಷೆಗಿಂತ ಮಹಡಿ ಹೆಚ್ಚಿದೆಯೇ ಎಂದು ಸ್ವತಂತ್ರ ಇಂಜಿನಿಯರರಿಂದ ನೋಡಿಸುವುದಕ್ಕೆ ತಗಲುವ ವೆಚ್ಚ ಅಲ್ಪ. ರೇರಾ ನೋಂದಣಿ ಸಂಖ್ಯೆಯನ್ನೂ ಪರಿಶೀಲಿಸಿ. 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ಅದು ಕಡ್ಡಾಯ.

ಬಡಾವಣೆಯನ್ನು ಎರಡು ಬಾರಿ ನೋಡಬೇಕು: ಮೇ ತಿಂಗಳಲ್ಲಿ ನೀರಿಗಾಗಿ, ಜುಲೈಯಲ್ಲಿ ನೆಲಕ್ಕಾಗಿ. ಅವಕಾಶವಿದ್ದವರು ಅದೇ ಓಣಿಯಲ್ಲಿ 11 ತಿಂಗಳ ಕರಾರಿನ ಮೇಲೆ ಬಾಡಿಗೆಗಿದ್ದು ನೋಡಬಹುದು. ಮುಂಬಯಿಯ ಮನೆಯನ್ನು ಅಲ್ಲಿಯವರೆಗೆ ಮಾರದಿರುವುದು ಒಳ್ಳೆಯದು.